ರೆಕ್ಸಿನ್ ಎಂದು ಕೊಟ್ಟ ಚೀಲ

ನಮ್ಮ ಯಜಮಾನರನ್ನು ಮಣ್ಣು ಮಾಡಿದ ದಿನ ಊರಿನವರು ಅವರ ಬಗ್ಗೆ ಬಹಳ ಒಳ್ಳೆಯ ಮಾತಾಡಿದರು. ಗಾರ್ಮೆಂಟ್ಸ್ ಎಕ್ಸ್‌ಪೋರ್ಟಿನಲ್ಲಿ ದೊಡ್ಡ ಕೆಲಸದಲ್ಲಿದ್ದ ಮನುಷ್ಯ, ಅವರು ಮಡಿಸಿ ಕಳಿಸಿದ ಶರ್ಟನ್ನು ಜರ್ಮನಿಯವರು ಬಿಚ್ಚಿ ಹಾಕಿಕೊಳ್ಳುತ್ತಿದ್ದರಂತೆ ಎಂದು ಒಬ್ಬರು ಹೇಳಿದರು. ಇನ್ನೊಬ್ಬರು ಅದನ್ನು ಅಮೆರಿಕದವರೆಗೂ ಎಳೆದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಗಂಡನನ್ನು ಕಳೆದುಕೊಂಡ ಹೆಂಗಸು ತಲೆ ತಗ್ಗಿಸಿ ಕೂತರೆ ಯಾರೂ ಕಾರಣ ಕೇಳುವುದಿಲ್ಲ, ಅದೊಂದು ಅನುಕೂಲ. ಹನ್ನೊಂದು ವರ್ಷದ ಕೆಲಸದಲ್ಲಿ ಅವರು ಒಂದು ಶರ್ಟನ್ನೂ ಮಡಿಸಿರಲಿಲ್ಲ. ಮನೆಯಲ್ಲಿ ತಮ್ಮ ಶರ್ಟನ್ನೂ ಮಡಿಸುತ್ತಿರಲಿಲ್ಲ. ಅವರು ಮಾಡುತ್ತಿದ್ದದ್ದು ನೆಲಮಂಗಲದಲ್ಲಿ ಹೆದ್ದಾರಿ ಪಕ್ಕದ ಒಂದು ಗೋದಾಮಿನಲ್ಲಿ ತೊಗಲಿನ ಸಾಮಾನು ವಿಂಗಡಿಸಿ, ಪೆಟ್ಟಿಗೆಗೆ ತುಂಬಿ, ಹಡಗಿಗೆ ಕಳಿಸುವ ಕೆಲಸ.

ಅವರ ಊರು ಹೊಸಕೋಟೆ ತಾಲ್ಲೂಕಿನಲ್ಲಿ, ಸಮೇತನಹಳ್ಳಿಯಿಂದ ಇನ್ನೂ ಒಳಗೆ. ರಾಗಿ, ತೊಗರಿ, ಈಚೆಗೆ ಸ್ವಲ್ಪ ಗುಲಾಬಿ ಬೆಳೆಯುವ ಒಕ್ಕಲು ಮನೆ. ಆ ಕಡೆ ಎಕ್ಸ್‌ಪೋರ್ಟು ಅಂದರೆ ಗಾರ್ಮೆಂಟ್ಸು, ಬೇರೆ ಅರ್ಥವೇ ಇಲ್ಲ. ಕೆಲಸಕ್ಕೆ ಸೇರಿದಾಗ ಇವರು ಅಣ್ಣನ ಹತ್ತಿರ, "ಎಕ್ಸ್‌ಪೋರ್ಟಿನಾಗೆ ಕೆಲ್ಸ ಸಿಕ್ತು ಕಣಣ್ಣ" ಅಂದರಂತೆ. ಅಣ್ಣ, ಅಂದರೆ ನನ್ನ ಭಾವ, "ಬಟ್ಟೇದಾ?" ಅಂದರಂತೆ. ಇವರು "ಹ್ಞೂಂ, ಅಂಗೇ ಅಂದ್ಕೋ" ಅಂದರಂತೆ. ಸುಳ್ಳು ಹೇಳಿದ್ದು ಅಷ್ಟೇ. ಉಳಿದದ್ದನ್ನೆಲ್ಲ ಊರೇ ಸೇರಿ ಕಟ್ಟಿ, ಸುಣ್ಣ ಬಳಿದು ಗೃಹಪ್ರವೇಶವನ್ನೂ ಮಾಡಿಕೊಂಡಿತು.

ಸುಳ್ಳಿಗೆ ಕಾರಣ ನಮ್ಮ ಮನೆತನ ತೊಗಲು ಮುಟ್ಟುವುದಿಲ್ಲ ಅನ್ನುವುದು. ಚಪ್ಪಲಿ ಮೆಟ್ಟುತ್ತೇವೆ. ಹಬ್ಬಕ್ಕೆ ಮೇಕೆ ಕಡಿಯುತ್ತೇವೆ, ತಲೆ ಯಾರಿಗೆ ಕಾಲು ಯಾರಿಗೆ ಎಂದು ಜಗಳವನ್ನೂ ಆಡುತ್ತೇವೆ. ಸುಲಿದ ಚರ್ಮವನ್ನು ಮಾತ್ರ ಬೇಲಿಯ ಮೇಲೆ ಎಸೆದು, ಬೇರೆ ಯಾರೋ ಬಂದು ಒಯ್ಯುವವರೆಗೆ ಆ ಕಡೆ ನೋಡುವುದಿಲ್ಲ. ಮೇಕೆಯ ಒಳಗಿನದು ಹೊಟ್ಟೆಗೆ ಹೋದರೆ ಹಿರಿಯರಿಗೆ ತೃಪ್ತಿ, ಹೊರಗಿನದು ಕೈಗೆ ತಾಗಿದರೆ ಮೈಲಿಗೆ. ಈ ನಿಯಮ ಮಾಡಿದವರು ಯಾರೋ ಗೊತ್ತಿಲ್ಲ, ಅವರಿಗೆ ಊಟ ಇಷ್ಟವಿತ್ತು ಅನ್ನುವುದಂತೂ ಗೊತ್ತಾಗುತ್ತದೆ.

ಊರಿನವರನ್ನು ಆಡಿಕೊಳ್ಳುವ ಮೊದಲು ನನ್ನದನ್ನೂ ಹೇಳಿಬಿಡಬೇಕು. ನನಗೆ ನಿಜ ಮೊದಲ ದಿನದಿಂದ ಗೊತ್ತಿತ್ತು. ನೆಲಮಂಗಲದ ನಮ್ಮ ಬಾಡಿಗೆ ಮನೆಗೆ ಹಿಂದೆ ಒಂದು ಬಾಗಿಲಿದೆ. ಸಂಜೆ ಅವರು ಆ ಬಾಗಿಲಿನಿಂದ ನೇರವಾಗಿ ಬಚ್ಚಲಿಗೆ ಹೋಗಬೇಕು. ಪಂಚೆ, ಟವೆಲು ಅಲ್ಲೇ ಇಟ್ಟಿರುತ್ತಿದ್ದೆ. ಬಿಚ್ಚಿದ ಬಟ್ಟೆಗೆ ಬೇರೆ ಬಕೆಟ್ಟು. "ಸ್ನಾನ ಮಾಡ್ಕೊಂಡು ಬನ್ನಿ, ಆಮೇಲೆ ಬಡಿಸ್ತೀನಿ" ಅನ್ನುವ ಮಾತನ್ನು ಹನ್ನೊಂದು ವರ್ಷ ದಿನಕ್ಕೊಂದು ಸಲ ಹೇಳಿದ್ದೇನೆ. ಜ್ವರ ಬಂದ ದಿನವೂ ಹೇಳಿದ್ದೇನೆ. ಅವರು ಒಂದು ಸಲವೂ ಸಿಡುಕಲಿಲ್ಲ. ಬಚ್ಚಲಿನಿಂದಲೇ, "ಜರ್ಮನಿಯೋರು ಆ ಬ್ಯಾಗ್ ಮುಟ್ಟಿದ್ಮೇಲೆ ಸ್ನಾನ ಮಾಡ್ತಾರೇನೇ? ಪಾಪ, ಆ ಚಳೀಲಿ" ಅನ್ನುತ್ತಿದ್ದರು. ನಾನು ನಗುತ್ತಿದ್ದೆ. ನಗುತ್ತಾ, ಅವರು ಒದ್ದೆ ತಲೆಯಲ್ಲಿ ಬರುವವರೆಗೆ ತಟ್ಟೆ ಇಡುತ್ತಿರಲಿಲ್ಲ.

ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ, ಮಧ್ಯಾಹ್ನ, ಗೋದಾಮಿನಲ್ಲಿ ಒಂದು ಪೆಟ್ಟಿಗೆಯ ಮೇಲೆ ಕೂತು ನೀರು ಕೇಳಿದರಂತೆ. ನೀರು ತರುವಷ್ಟರಲ್ಲಿ ಮುಗಿದಿತ್ತು. ಹೃದಯ ಅಂದರು. ಅವತ್ತಿನ ಕಂಟೇನರು ಸಮಯಕ್ಕೆ ಸರಿಯಾಗಿ ಹೊರಟಿತು ಎಂದು ಆಮೇಲೆ ಕಂಪನಿಯವರೇ ನನಗೆ ಹೇಳಿದರು, ನಾನು ಆ ಬಗ್ಗೆ ಚಿಂತೆಯಲ್ಲಿದ್ದೇನೆ ಅನ್ನುವ ಹಾಗೆ. ಆ ಸಂಜೆ ಅವರನ್ನು ಮುಂದಿನ ಬಾಗಿಲಿನಿಂದ ಒಳಗೆ ತಂದರು. ಸ್ನಾನ ಮಾಡಿಸಿದವರು ಬೇರೆಯವರು. ಬಡಿಸುವ ಕೆಲಸ ನನಗೆ ಬರಲಿಲ್ಲ.

ತಿಂಗಳು ಕಳೆದ ಮೇಲೆ ಗೋದಾಮಿನಿಂದ ಫೋನು ಬಂತು. ಅವರ ಜಾಗ ಖಾಲಿ ಇದೆ, ನೀವು ಎಸ್ಸೆಸ್ಸೆಲ್ಸಿ ಪಾಸಾಗಿದ್ದೀರಂತೆ, ಬರುತ್ತೀರಾ ಎಂದು ಕೇಳಿದರು. ಹೋದೆ. ಮನೆಯಲ್ಲಿ ಕೂತು ಆ ಹಿಂದಿನ ಬಾಗಿಲನ್ನು ನೋಡುವುದಕ್ಕಿಂತ ಅದು ಮೇಲು ಅನ್ನಿಸಿತು.

ಅಲ್ಲಿ ನನಗೆ ಕೆಲಸ ಕಲಿಸಿದವರು ತಮಿಳುನಾಡಿನ ಆಂಬೂರಿನ ಕಡೆಯ ಒಬ್ಬ ಹೆಂಗಸು. ತೊಗಲು ಹದ ಮಾಡುವ ಊರಿನಲ್ಲಿ ಹುಟ್ಟಿ, ಇಲ್ಲಿಗೆ ಮದುವೆಯಾಗಿ ಬಂದವರು. ಎಲ್ಲರಿಗೂ ಅವರು ಅಕ್ಕ. ನಮ್ಮ ಯಜಮಾನರಿಗೂ ಕಲಿಸಿದ್ದು ಅವರೇ.

"ಮನೇಲಿ ಅವರು ಏನೂ ಹೇಳ್ಕೊಡ್ಲಿಲ್ವಾ ತಾಯೇ?" ಅಂದರು ಮೊದಲ ದಿನ.

"ಮನೇಲಿ ಈ ಮಾತು ಎತ್ತೋಕೆ ನಾನು ಬಿಡ್ತಿರಲಿಲ್ಲ ಅಕ್ಕ."

"ಆಮಾ. ಅದಕ್ಕೇ ಇಲ್ಲಿ ಅಷ್ಟು ಮಾತಾಡ್ತಿದ್ರು."

ನಾನು ತೊಗಲನ್ನು ಕೈಯಲ್ಲಿ ಹಿಡಿದು ನೋಡಿದ್ದು ಅವತ್ತೇ ಮೊದಲು. ಅಕ್ಕ ಎರಡು ಕೈಚೀಲಗಳನ್ನು ಮೇಜಿನ ಮೇಲೆ ಇಟ್ಟು, ಯಾವುದು ತೊಗಲು ಯಾವುದು ರೆಕ್ಸಿನ್ ಹೇಳು ಅಂದರು. ಹೊಳೆಯುವುದನ್ನು ತೋರಿಸಿದೆ. ಅಕ್ಕ ಬೇಸರವನ್ನು ಮುಚ್ಚಿಡುವವರಲ್ಲ.

"ಮುಖ ಯಾಕೆ ನೋಡ್ತೀಯಮ್ಮಾ? ಮುಖಕ್ಕೆ ಯಾರು ಬೇಕಾದ್ರೂ ಬಣ್ಣ ಹಚ್ತಾರೆ. ಅಂಚು ನೋಡು. ಕೊಯ್ದ ಕಡೆ ನಾರು ನಾರಾಗಿ ಇದ್ರೆ ತೊಗಲು. ಬಟ್ಟೆ ಮೇಲೆ ತೆಳ್ಳಗೆ ಪ್ಲಾಸ್ಟಿಕ್ ಕೂತಿದ್ರೆ ರೆಕ್ಸಿನ್. ಮಡಚು. ಸುಕ್ಕು ಬಂದು ಹೋಯ್ತಾ? ತೊಗಲು. ಈಗ ಮೂಸು."

"ಮೂಸಬೇಕಾ?"

"ಮತ್ತೆ ದೇವರು ಮೂಗು ಯಾಕೆ ಕೊಟ್ಟ, ನತ್ತು ಹಾಕೋಕಾ?"

ಮೂಸಿದೆ. ಹನ್ನೊಂದು ವರ್ಷ ನಾನು ಬೇರೆ ಬಕೆಟ್ಟಿನಲ್ಲಿ ನೆನೆಸಿಟ್ಟ ವಾಸನೆ ಅದು. ಕಣ್ಣು ತುಂಬಿತು. ಅಕ್ಕ, ಹೊಸಬರಿಗೆ ಬಣ್ಣದ ಘಾಟು ಹಾಗೇ ಹತ್ತುತ್ತೆ ಎಂದು ಹೇಳಿ ಆ ಕಡೆ ತಿರುಗಿದರು.

ವಿಂಗಡಣೆ ಅನ್ನುವುದು ಒಂದು ಶಾಸ್ತ್ರ. ಹೊರದೇಶಕ್ಕೆ ಹೋಗುವ ಸಾಮಾನಿಗೆಲ್ಲ ಸರ್ಕಾರ ಒಂದು ದೊಡ್ಡ ಪಟ್ಟಿ ಮಾಡಿದೆ, ಅದರಲ್ಲಿ ತೊಗಲಿನ ಸಾಮಾನಿನದು ನಲವತ್ತೆರಡನೆಯ ಅಧ್ಯಾಯ. ಚೀಲ, ಪರ್ಸು, ಪೆಟ್ಟಿಗೆ ಒಂದು ಕಡೆ. ಬೆಲ್ಟು, ಕೈಗವಸು, ಜಾಕೆಟ್ಟು ಇನ್ನೊಂದು ಕಡೆ. ಚೀಲಕ್ಕೆ ಒಳಗೆ ಏನೇ ಹೊಲಿದಿರಲಿ, ಹೊರಮೈ ತೊಗಲಾದರೆ ಅದು ತೊಗಲಿನ ಚೀಲ. ಹೊರಮೈ ಪ್ಲಾಸ್ಟಿಕ್ಕಾದರೆ, ಹಿಡಿ, ಪಟ್ಟಿ ಎಲ್ಲ ತೊಗಲಿನದೇ ಇದ್ದರೂ ಅದು ಪ್ಲಾಸ್ಟಿಕ್ಕಿನ ಸಾಲಿಗೆ ಹೋಗುತ್ತದೆ. ಹೊರಗೆ ಕಾಣುವುದನ್ನು ನೋಡಿ ಕುಲ ತೀರ್ಮಾನಿಸುವ ಈ ಪದ್ಧತಿಯನ್ನು ಪರದೇಶದವರು ನಮ್ಮೂರಿಗೆ ಬಂದು ಕಲಿತು ಹೋದರೋ ಏನೋ.

ಕಟ್ಟುವುದು ಇನ್ನೊಂದು ಶಾಸ್ತ್ರ. ಹೆಣ್ಣನ್ನು ಗಂಡನ ಮನೆಗೆ ಕಳಿಸುವಾಗಲೂ ಇಷ್ಟು ಎಚ್ಚರ ವಹಿಸುವುದಿಲ್ಲ. ಚೀಲದ ಹೊಟ್ಟೆಗೆ ಬಿಳಿ ಕಾಗದ ತುಂಬಬೇಕು, ಸೊರಗಬಾರದು. ಹಳೇ ಪೇಪರು ತುಂಬುವ ಹಾಗಿಲ್ಲ, ಅಕ್ಷರ ಅಂಟಿಕೊಳ್ಳುತ್ತದೆ. ಬಕಲಿಗೆ ಬೇರೆ ಕಾಗದ ಸುತ್ತಬೇಕು, ಇಲ್ಲದಿದ್ದರೆ ಪಕ್ಕದ ಚೀಲವನ್ನು ಗೀರುತ್ತದೆ. ಕಪ್ಪು ಚೀಲದ ಪಕ್ಕ ಬಿಳಿ ಚೀಲ ಇಟ್ಟರೆ ಬಣ್ಣ ಹತ್ತುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದರೆ ತೊಗಲಿಗೆ ಉಸಿರು ಕಟ್ಟಿ ಬೂಷ್ಟು ಹಿಡಿಯುತ್ತದೆ, ಅದಕ್ಕೆ ಬಟ್ಟೆಯ ಚೀಲ, ಜೊತೆಗೆ ತೇವ ಹೀರುವ ಹರಳಿನ ಪೊಟ್ಟಣ. ಸತ್ತ ಎಮ್ಮೆಗೆ ಉಸಿರಾಡಲು ಇಷ್ಟು ವ್ಯವಸ್ಥೆ ಇರುವ ಗೋದಾಮಿನಲ್ಲಿ ಕೆಲಸದವರಿಗೆ ಎರಡೇ ಫ್ಯಾನು.

ತಪ್ಪು ಸಾಲಿನಲ್ಲಿ ಹೋದ ಪೆಟ್ಟಿಗೆ ಬಂದರಿನಲ್ಲಿ ನಿಂತುಬಿಡುತ್ತದೆ. ಅದರ ಜೊತೆಗಿನ ಸರಿಯಾದ ಪೆಟ್ಟಿಗೆಗಳೂ ನಿಲ್ಲುತ್ತವೆ. ಅದಕ್ಕೇ ಅಕ್ಕ ನನ್ನನ್ನು ತಿದ್ದಿ ತಿದ್ದಿ, ಐದಾರು ತಿಂಗಳಲ್ಲಿ ನನ್ನ ಬೆರಳುಗಳು ನನ್ನನ್ನು ಕೇಳದೆ ಕೆಲಸ ಮಾಡುವ ಹಾಗೆ ಮಾಡಿಬಿಟ್ಟರು. ಬಸ್ಸಿನಲ್ಲಿ ಪಕ್ಕದವಳ ಬ್ಯಾಗಿನ ಅಂಚು ಮುಟ್ಟಿ ಬೈಸಿಕೊಂಡಿದ್ದೇನೆ. ಬೇರೆಯವರ ಪಾಲಿಗೆ ಇದು ತಮಾಷೆ. ನನಗೆ ಇದೇ ಮುಳುವಾಯಿತು.

ಭಾದ್ರಪದ ಬಂತು. ಪಿತೃಪಕ್ಷದ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಮಾಡಿ, ಒಬ್ಬೊಬ್ಬರ ಹೆಸರಿಗೆ ಒಂದೊಂದು ಎಲೆ ಹಾಕಿ ಬಡಿಸುವುದು. ಆ ವರ್ಷ ನಮ್ಮ ಯಜಮಾನರಿಗೆ ಮೊದಲ ಎಲೆ. ಅವರಿಗೆ ಹುರುಳಿಕಾಳಿನ ಬಸ್ಸಾರು ಅಂದರೆ ಪ್ರಾಣ. ನನಗೆ ಬೇಕಾಗಿದ್ದದ್ದು ಒಂದೇ. ನನ್ನ ಕೈಯಾರೆ ಬಸ್ಸಾರು ಮಾಡಿ ಅವರ ಎಲೆಗೆ ಬೀಳುವ ಹಾಗೆ ನೋಡಿಕೊಳ್ಳಬೇಕು. ಒಂದೇ ಒಂದು ಸಲ, ಸ್ನಾನ ಮಾಡ್ಕೊಂಡು ಬನ್ನಿ ಅನ್ನದೆ ಅವರಿಗೆ ಊಟ ಹಾಕಬೇಕು.

ಅದನ್ನು ಮಾತಾಡಿಕೊಂಡು ಬರೋಣ ಎಂದು ಒಂದು ಭಾನುವಾರ ಊರಿಗೆ ಹೋದೆ. ಭಾವ ಜಗಲಿಯ ಮೇಲೆ ಕೂತಿದ್ದರು. ಊರ ಗುಡಿಯ ಬೀಗದಕೈ ಇರುವುದು ಅವರ ಹತ್ತಿರ, ಹಾಗಾಗಿ ಮಾತು ಸ್ವಲ್ಪ ದೇವರ ಪರವಾಗಿ ಆಡುತ್ತಿರುವ ಹಾಗೇ ಇರುತ್ತದೆ.

"ಏನಮ್ಮಾ, ಕಂಪ್ನಿಯೋರು ಸರಿಯಾಗಿ ನೋಡ್ಕತಾವ್ರಾ?"

"ನೋಡ್ಕೋತಾರೆ ಭಾವ."

"ಬಟ್ಟೆ ಕೆಲ್ಸ ಹೆಂಗಸ್ರಿಗೆ ಒಗ್ತದೆ ಬುಡು. ನೆರಳಾಗೆ ಕುಂತು ಮಾಡೋದು."

ಎಡೆಯ ಅಡುಗೆಗೆ ನೀನೂ ಬಾ, ಅವನಿಗೆ ಬೇಕಾದ್ದು ನೀನೇ ಮಾಡು ಎಂದು ಅವರೇ ಹೇಳಿದರು. ಬಂದ ಕೆಲಸ ಆಗಿತ್ತು. ಆಗಲೇ ಎದ್ದು ಬಸ್ಸು ಹಿಡಿಯಬೇಕಿತ್ತು. ಅಷ್ಟರಲ್ಲಿ ಅಮಾವಾಸ್ಯೆ ಎಷ್ಟು ಹೊತ್ತಿಗೆ ಕೂಡುತ್ತದೆ ನೋಡೋಣ ಎಂದು ಭಾವ ಒಳಗೆ ಹೋಗಿ, ದೇವರ ಮನೆಯ ಮೊಳೆಯಲ್ಲಿ ನೇತುಹಾಕಿದ್ದ ಚೀಲ ತಂದರು. ಪಂಚಾಂಗ, ಕರ್ಪೂರದ ಡಬ್ಬಿ, ಗುಡಿಯ ಬೀಗದಕೈ ಎಲ್ಲ ಅದರೊಳಗೇ.

"ನೋಡು, ನಿನ್ ಗಂಡ ಕೊಟ್ಟಿದ್ದು. ಎಂಟ್ ವರ್ಷ ಆಯ್ತು, ಒಂದು ದಾರ ಬುಟ್ಟಿಲ್ಲ. ಈಗಿನ ರೆಕ್ಸಿನ್ನು ಆರ್ ತಿಂಗಳಿಗೇ ಸಿಪ್ಪೆ ಎದ್ದೋಯ್ತದೆ. ಇದು ಫಾರಿನ್ ರೆಕ್ಸಿನ್ನು."

ಗೋದಾಮಿನಲ್ಲಿ ಗೀರು ಬಿದ್ದ, ಬಣ್ಣ ಒಂದೇ ಸಮ ಇಲ್ಲದ ಸಾಮಾನನ್ನು ಕೆಲಸದವರಿಗೆ ಅಗ್ಗಕ್ಕೆ ಕೊಡುತ್ತಾರೆ. ಇವರು ಅವನ್ನು ತಂದು ಊರಿನಲ್ಲಿ ಹಂಚುತ್ತಿದ್ದದ್ದು ನನಗೆ ಗೊತ್ತಿತ್ತು. ಗೋದಾಮಿನಲ್ಲಿ ಎಂದೂ ಸಾಲು ತಪ್ಪದ ಮನುಷ್ಯ, ಬಸ್ಸು ಹತ್ತಿದ ಕೂಡಲೇ ಎಲ್ಲ ತೊಗಲನ್ನೂ ರೆಕ್ಸಿನ್ನಿಗೆ ಸೇರಿಸಿಬಿಡುತ್ತಿದ್ದರು. ಇದೆಲ್ಲ ಗೊತ್ತಿದ್ದೂ, ಭಾವ ಚೀಲವನ್ನು ನನ್ನ ಕೈಗೆ ಕೊಟ್ಟಾಗ ನನ್ನ ಹೆಬ್ಬೆರಳು ಅಂಚಿಗೆ ಹೋಯಿತು. ಮಡಚಿದೆ. ಸುಕ್ಕು ಬಂದು ಹೋಯಿತು. ಮೂಸಿದೆ.

"ಇದು ರೆಕ್ಸಿನ್ ಅಲ್ಲ ಭಾವ. ಎಮ್ಮೆ. ಒಳ್ಳೇ ಮೇಲ್ಪದರದ್ದು. ಇಲ್ಲಿ ಬಣ್ಣ ಮಾಸಿದೆ ನೋಡಿ, ಅದಕ್ಕೇ ತೆಗೆದು ಹಾಕಿರ್ತಾರೆ." ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. "ಹೀಗೆ ಮೊಳೆಗೆ ನೇತಾಕಬೇಡಿ, ಹಿಡಿ ಜಗ್ಗುತ್ತೆ. ಒಳಗೆ ಕಾಗದ ತುಂಬಿ ಮಲಗಿಸಿ ಇಡಿ."

ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದ ನನ್ನ ಓರಗಿತ್ತಿ, ಭಾವನ ಹೆಂಡತಿ, ಒಂದು ಸಲ ಕೆಮ್ಮಿದಳು. ಆಗ ನನಗೆ ನಾನು ಆಡಿದ್ದು ಕೇಳಿಸಿತು.

"ನಿಂಗೆ ಹೆಂಗೆ ಗೊತ್ತು?" ಅಂದರು ಭಾವ.

ಹೇಳಿದೆ. ಸುಳ್ಳು ಹೇಳುವುದು ಗಂಡ ಹೆಂಡತಿ ನಮ್ಮಿಬ್ಬರಲ್ಲಿ ಅವರಿಗೆ ಮಾತ್ರ ಬರುತ್ತಿತ್ತು.

"ಅವ್ನೂ ಇದೇ ಮಾಡ್ತಿದ್ನಾ?"

"ಹೂಂ."

"ಹನ್ನೊಂದ್ ವರ್ಷವೂ?"

"ಹೂಂ."

"ಈ ಮನೆ ದೇವ್ರಿಗೆ ದೀಪ ಹಚ್ಚವ್ನೆ ಅವ್ನು."

"ಸ್ನಾನ ಮಾಡಿ ಹಚ್ಚಿದಾರೆ ಭಾವ. ಅದರಲ್ಲಿ ಲೋಪ ಆಗಿಲ್ಲ. ನಾನೇ ಸಾಕ್ಷಿ."

ಭಾವ ಚೀಲದಿಂದ ಪಂಚಾಂಗ ತೆಗೆದು, ಕೊನೆಯ ಹಾಳೆಯವರೆಗೂ ತಿರುವುತ್ತಾ ಹೋದರು. ಆಮೇಲೆ ತೀರ್ಪು ಕೊಟ್ಟರು. ಎಡೆ ದಿನ ನಾನು ಬರಬಹುದು. ಜಗಲಿಯಲ್ಲಿ ಕೂರಬಹುದು. ಉಂಡು ಹೋಗಬಹುದು. ಅಡುಗೆ ಮನೆಗೆ ಕಾಲಿಡುವ ಹಾಗಿಲ್ಲ, ಎಡೆಯ ಪದಾರ್ಥ ಮುಟ್ಟುವ ಹಾಗಿಲ್ಲ. "ಆ ಕೆಲ್ಸ ಬುಟ್ಬುಡು. ಮುಂದಿನ್ ವರ್ಷ ನೋಡಾನ."

ಚೀಲದ ವಿಷಯದಲ್ಲಿ ಅಷ್ಟು ತಡವಾಗಲಿಲ್ಲ. ಕೊಟ್ಟಿಗೆಯಿಂದ ಗಂಜಲ ತರಿಸಿ ಚಿಮುಕಿಸಿ, ಒರೆಸಿ, ದೇವರ ಮನೆಯ ಮೊಳೆಯಿಂದ ನಡುಮನೆಯ ಮೊಳೆಗೆ ವರ್ಗ ಮಾಡಿದರು. ಬೀಗದಕೈ ಅದರೊಳಗೇ ಉಳಿಯಿತು. ಚೆನ್ನಾಗಿ ಬಾಳಿಕೆ ಬಂದ ಚೀಲ, ಬಿಸಾಡಲು ಯಾರಿಗೆ ಮನಸ್ಸು ಬರುತ್ತದೆ. ಇವರು ಕೊಟ್ಟ ಬೆಲ್ಟುಗಳು ಊರ ತುಂಬ ಇದ್ದವು, ವಾರದೊಳಗೆ ಎಲ್ಲರಿಗೂ ಸುದ್ದಿಯೂ ಮುಟ್ಟಿತಂತೆ. ಒಬ್ಬರೂ ಬಿಚ್ಚಲಿಲ್ಲ. ಬಿಚ್ಚಿದರೆ ಪ್ಯಾಂಟು ನಿಲ್ಲುವುದಿಲ್ಲ, ಮಡಿಗೂ ಒಂದು ಮಿತಿ ಇರಬೇಕಲ್ಲ. ಎಮ್ಮೆಯ ತೊಗಲು ಒಂದು ಚೊಂಬು ಗಂಜಲಕ್ಕೆ ಶುದ್ಧವಾಯಿತು. ನನಗೆ ಒಂದು ವರ್ಷ ಬೇಕಿತ್ತು.

ಗೋದಾಮಿನಲ್ಲಿ ಊಟದ ಹೊತ್ತಿಗೆ ಅಕ್ಕನಿಗೆ ಎಲ್ಲ ಹೇಳಿದೆ. ಅವರು ಸಮಾಧಾನವಾಗಿ ಮೊಸರನ್ನ ತಿನ್ನುತ್ತಾ ಕೇಳಿ, "ಕೆಲಸ ಬಿಡ್ತೀಯಾ?" ಅಂದರು.

"ಬಿಟ್ಟು ಏನು ಮಾಡ್ಲಿ?"

"ಹಂಗಾದ್ರೆ ಅಳ್ಬೇಡ. ಸಾರು ನಿನ್ ಮನೇಲೇ ಮಾಡ್ಕೊಂಡು ಹೋಗು. ತಗೊಂಡು ಹೋದ್ಮೇಲೆ ಬೇಡ ಅನ್ನೋದು ಅವರ ಕೆಲಸ. ನೀನ್ಯಾಕೆ ಮೊದ್ಲೇ ಬೇಡ ಅಂತೀಯ?"

ಅಮಾವಾಸ್ಯೆಗೆ ರಜ ಕೇಳಿದರೆ ಸೂಪರ್‌ವೈಸರು ಕೊಡುವುದಿಲ್ಲ ಅಂದುಕೊಂಡಿದ್ದೆ, ಅವತ್ತು ಒಂದು ಕಂಟೇನರು ಹೊರಡುವುದಿತ್ತು. "ಹೋಗ್ಬನ್ನಿ ಮೇಡಂ. ಅಮಾವಾಸ್ಯೆ ದಿನ ಲೋಡ್ ಎತ್ತಲ್ಲ ಅಂತ ಡ್ರೈವರೇ ಹಠ ಹಿಡಿದವ್ನೆ. ಸತ್ತೋರಿಗೆ ನಿಲ್ಲದ ಕಂಟೇನರು ಅಮಾವಾಸ್ಯೆಗೆ ನಿಲ್ತಾ ಇದೆ" ಎಂದು ಹೇಳಿ, ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು. ಪರವಾಗಿಲ್ಲ ಅಂದೆ. ನಾನೇ ಹೇಳಬೇಕು ಅಂದುಕೊಂಡಿದ್ದ ಮಾತು ಅದು.

ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಎದ್ದು ಹುರುಳಿ ಬೇಯಿಸಿ, ಕಟ್ಟು ಬಸಿದು, ಖಾರ ಅರೆದು ಬಸ್ಸಾರು ಮಾಡಿದೆ. ಸ್ಟೀಲ್ ಪಾತ್ರೆಯ ಮುಚ್ಚಳಕ್ಕೆ ಗೋದಾಮಿನಿಂದ ತಂದಿದ್ದ ಅಗಲದ ಟೇಪು ಸುತ್ತಿದೆ. ಆ ಟೇಪಿನ ಮೇಲೆ ಕೊಡೆಯ ಚಿತ್ರ, ಮೇಲ್ಮುಖದ ಬಾಣ, ಒಡೆದುಹೋಗುವ ಲೋಟದ ಗುರುತು ಇರುತ್ತದೆ. ಮೆಜೆಸ್ಟಿಕ್ಕಿನಲ್ಲಿ ಹೊಸಕೋಟೆ ಬಸ್ಸಿನ ಕಂಡಕ್ಟರು ಅದನ್ನು ನೋಡಿ, "ಫಾರಿನ್ನಿಗಾ ಅಮ್ಮಾ?" ಅಂದ.

"ಅದಕ್ಕಿಂತ ದೂರ" ಅಂದೆ. ಅವನು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ.

ಊರು ಸೇರುವ ಹೊತ್ತಿಗೆ ಮಧ್ಯಾಹ್ನ. ಹಿತ್ತಲ ಕಡೆಯಿಂದ ಹೋದೆ. ಓರಗಿತ್ತಿ ಕೋಳಿ ಸಾರಿನ ಮುಂದೆ ಬೆವರುತ್ತಾ ನಿಂತಿದ್ದವಳು ಹೊರಗೆ ಬಂದಳು.

"ಇದೇನೇ ಇದು, ಬಾಂಬು?"

"ಬಸ್ಸಾರು."

"ನಿಮ್ ಭಾವ ಏನಂದವ್ರೆ ಗೊತ್ತಲ್ವಾ?"

"ಗೊತ್ತು."

ಅವಳು ಸುತ್ತ ನೋಡಿದಳು. "ತತ್ತಾ ಇಲ್ಲಿ. ನಾನೇ ಮಾಡ್ದೆ ಅಂತೀನಿ. ನೀನು ಜಗಲೀಲಿ ಕುಂತ್ಕಂಡು ಬಾಯಿಗೆ ಈ ಟೇಪ್ ಸುತ್ಕೋ. ಹೋದ್ಸಲ ಬಾಯಿ ಬುಟ್ಟಿದ್ದು ಸಾಕು."

ಕೊಟ್ಟೆ. ಯಜಮಾನರಿದ್ದಿದ್ದರೆ ಈ ಏರ್ಪಾಟು ಅವರಿಗೆ ಬಹಳ ಹಿಡಿಸುತ್ತಿತ್ತು. ಅವರ ಜೀವಮಾನದ ವಿದ್ಯೆಯೇ ಅದು, ಸರಿಯಾದ ಸಾಮಾನಿಗೆ ತಪ್ಪು ಹೆಸರು ಬರೆದು ಮನೆಯವರನ್ನು ನೆಮ್ಮದಿಯಾಗಿ ಇಡುವುದು.

ಜಗಲಿಯಿಂದ ನಡುಮನೆ ಪೂರಾ ಕಾಣುತ್ತದೆ. ಗೋಡೆಯುದ್ದಕ್ಕೂ ಎಲೆ ಹಾಕಿದ್ದರು. ಕೊನೆಯ ಎಲೆ ಇವರದು. ಎಲೆಯ ಮುಂದೆ ಹೊಸ ಪಂಚೆ, ವೀಳ್ಯದೆಲೆ, ಮತ್ತು ಗಾರ್ಮೆಂಟ್ಸಿನವನಲ್ಲ ಎಂದು ಗೊತ್ತಾದ ಮೇಲೂ ಯಾರೋ ತಂದಿಟ್ಟಿದ್ದ ಒಂದು ರೆಡಿಮೇಡ್ ಶರ್ಟು. ಭಾವ ಒಂದೊಂದೇ ಪಾತ್ರೆ ಹಿಡಿದು ಬಡಿಸುತ್ತಾ ಬಂದರು. ಮುದ್ದೆ, ಕೋಳಿ ಸಾರು, ಕಜ್ಜಾಯ, ವಡೆ. ಕೊನೆಗೆ ನನ್ನ ಪಾತ್ರೆ ಅವರ ಕೈಗೆ ಬಂತು. ಟೇಪು ಕಿತ್ತಿದ್ದರು.

"ಬಸ್ಸಾರು ಯಾವಾಗ ಮಾಡ್ದೆ?" ಅಂದರು ಹೆಂಡತಿಗೆ.

"ಬೆಳಗ್ಗೇನೇ. ಮೈದುನಂಗೆ ಇಷ್ಟ ಅಲ್ವಾ."

ಭಾವ ತಲೆಯಾಡಿಸಿ ಇವರ ಎಲೆಗೆ ಒಂದು ಸೌಟು ಬಡಿಸಿದರು. ಆಗಬೇಕಾದದ್ದು ಆಗಿತ್ತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಎಲ್ಲರೂ ಉಂಡು ಏಳುತ್ತಿದ್ದರು. ಆದರೆ ಆ ಎಲೆ ನೋಡುತ್ತಾ ನನಗೆ, ಇದೂ ಆಗಲೇ ಒಂದು ಸ್ನಾನ ಮಾಡಿ ಬಂದ ಊಟ ಅನ್ನಿಸಿತು. ಓರಗಿತ್ತಿಯ ಹೆಸರಿನ ಬಚ್ಚಲಿನಲ್ಲಿ ಮಿಂದು, ಹಿಂದಿನ ಬಾಗಿಲಿನಿಂದ ಒಳಗೆ ಬಂದದ್ದು. ಹನ್ನೊಂದು ವರ್ಷ ಅವರನ್ನು ಊಟಕ್ಕೆ ಹಾಗೆ ಕರೆದದ್ದು ಸಾಲದೆ, ಸತ್ತ ಮೇಲೂ ಹಾಗೇ ಕರೆಯಬೇಕೇ.

"ಅದು ನಾನು ಮಾಡಿದ್ದು ಭಾವ" ಅಂದೆ.

ಗಟ್ಟಿಯಾಗಿ ಹೇಳಲಿಲ್ಲ. ಆದರೆ ಎಡೆ ಬಡಿಸುವಾಗ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಎಲ್ಲರಿಗೂ ಕೇಳಿಸಿತು. ಓರಗಿತ್ತಿ ಹಣೆಗೆ ಕೈ ಹಚ್ಚಿಕೊಂಡಳು. ಭಾವ ಸೌಟು ಹಿಡಿದುಕೊಂಡೇ ಎಲೆಯನ್ನು ನೋಡಿದರು. ಹಿರಿಯರ ಎಲೆಗೆ ಒಮ್ಮೆ ಬಡಿಸಿದ್ದನ್ನು ತಿರುಗಿ ತೆಗೆಯುವ ಪದ್ಧತಿ ನಮ್ಮಲ್ಲಿ ಇಲ್ಲ, ಕೊಟ್ಟ ಅನ್ನ ಕಿತ್ತುಕೊಂಡ ಹಾಗೆ ಅದು. ಮೈಲಿಗೆಗೆ ಗಂಜಲವಿದೆ, ಇದಕ್ಕೆ ಏನೂ ಇಲ್ಲ.

"ಬಡಿಸ್ಬುಟ್ನಲ್ಲ" ಅಂದರು ಭಾವ, ಯಾರಿಗೂ ಅಲ್ಲ.

ಗೋಡೆಗೆ ಒರಗಿದ್ದ ಅವರ ಚಿಕ್ಕಪ್ಪ ಸೊಂಟದ ಬೆಲ್ಟನ್ನು ಮೇಲಕ್ಕೆ ಎಳೆದುಕೊಂಡರು. "ಎಲೆಗೆ ಬಿದ್ದಿದ್ದು ತೆಗೆಯಂಗಿಲ್ಲ ಕಣಪ್ಪ. ಸತ್ತೋನು ಉಣ್ತಾನೋ ಬುಡ್ತಾನೋ ಅವ್ನಿಷ್ಟ. ಬದುಕಿರೋರ್ ಹೊಟ್ಟೆ ಹಸೀತಾ ಐತೆ, ಧೂಪ ಹಾಕು."

ಭಾವ ಧೂಪ ಹಾಕಿದರು. ಆಮೇಲೆ ಹಿರಿಯರು ಬಂದು ಉಣ್ಣಲಿ ಎಂದು ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಳ್ಳಬೇಕು. ಬಂದರು. ಭಾವ, ಚಿಕ್ಕಪ್ಪ, ಓರಗಿತ್ತಿ, ಮಕ್ಕಳು, ಮಡಿಯುಟ್ಟವರು, ಬೆಲ್ಟು ಕಟ್ಟಿದವರು, ಎಲ್ಲರೂ ನನಗೆ ಕೂರಲು ಹೇಳಿದ್ದ ಜಗಲಿಗೇ ಬಂದು ನಿಂತರು. ಜಾಗ ಸಾಲದೆ ಸ್ವಲ್ಪ ಸರಿದು ಕೂತೆ. ಒಳಗೆ ಇದ್ದವರು ನಮ್ಮ ಯಜಮಾನರು, ತಮ್ಮ ಹಿರಿಯರ ಜೊತೆ. ಕೈ ತೊಳೆದರೋ ಇಲ್ಲವೋ, ಕೇಳುವವರು ಯಾರೂ ಅಲ್ಲಿರ‍ಲಿಲ್ಲ.

ಬಾಗಿಲು ತೆಗೆದ ಮೇಲೆ ಊಟ. ಮನೆಗೆ ಹಿರಿಯನಾದವನು ಎಲ್ಲ ಎಲೆಯಿಂದಲೂ ಒಂದೊಂದು ತುತ್ತು ತೆಗೆದುಕೊಳ್ಳಬೇಕು. ಭಾವ ತೆಗೆದುಕೊಂಡರು, ಇವರ ಎಲೆಯಿಂದ ಕಜ್ಜಾಯ ಮುರಿದುಕೊಂಡರು, ಬಸ್ಸಾರನ್ನು ಸುತ್ತುಹಾಕಿ ಹೋದರು. ಉಳಿದವರಿಗೆ ಕೋಳಿ ಸಾರು ಇತ್ತು, ಅವರು ಯಾವ ಧರ್ಮಸಂಕಟಕ್ಕೂ ಸಿಲುಕಲಿಲ್ಲ. ಪಾತ್ರೆಯಲ್ಲಿ ಮಿಕ್ಕಿದ್ದನ್ನು ಹಸುವಿಗೆ ಹಾಕಲು ಹೇಳಿದರು. ಹಸು ಪೂರ್ತಿ ತಿಂದಿತು. ತೊಗಲಿನ ಬಗ್ಗೆ ಮಾತಾಡುವ ಹಕ್ಕು ಯಾರಿಗಾದರೂ ಇದ್ದರೆ ಅದಕ್ಕೆ ಇತ್ತು, ಅದು ಏನೂ ಹೇಳಲಿಲ್ಲ.

ಎಲ್ಲರೂ ಎದ್ದ ಮೇಲೆ ನಾನು ಒಳಗೆ ಹೋಗಿ ಇವರ ಎಲೆಯ ಮುಂದೆ ಕೂತೆ. ಯಾರೂ ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಭಾವ ಹೊರಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಮುದ್ದೆ ಮುರಿದು, ಆರಿಹೋಗಿದ್ದ ಬಸ್ಸಾರಿಗೆ ಅದ್ದಿ ಉಂಡೆ. ಸ್ವಲ್ಪ ಹೊತ್ತಿಗೆ ಓರಗಿತ್ತಿ ಕೈ ಒರೆಸಿಕೊಂಡು ಬಂದು ಎದುರಿಗೆ ಕೂತಳು. ಬಾಗಿಲ ಕಡೆ ಒಮ್ಮೆ ನೋಡಿ, ಅದೇ ಎಲೆಗೆ ಕೈ ಹಾಕಿ ಒಂದು ತುತ್ತು ಬಸ್ಸಾರು ಬಾಯಿಗಿಟ್ಟಳು. ನಾಲಿಗೆ ಚಪ್ಪರಿಸಿದಳು.

"ಉಪ್ಪು ಕಮ್ಮಿ ಆಗೈತೆ ಕಣೇ."

"ಹೌದಾ?"

"ಹೂಂ. ಇಷ್ಟೆಲ್ಲಾ ರಂಪ ಮಾಡಿ ತಂದೆ, ಉಪ್ಪು ನೋಡ್ಬಾರ್ದಾ?"

ಎಂಟು ತಿಂಗಳಿಂದ ನನ್ನ ಅಡುಗೆಯಲ್ಲಿ ಯಾರೂ ತಪ್ಪು ಹುಡುಕಿರಲಿಲ್ಲ. ಅವಳು ಎದ್ದು ಹೋಗಿ ಒಂದು ಚಿಟಿಕೆ ಉಪ್ಪು ತಂದು ಎಲೆಯ ತುದಿಗೆ ಹಾಕಿದಳು. ಇಬ್ಬರೂ ಕಲೆಸಿಕೊಂಡು ಉಂಡೆವು.